ನೆರೆಮನೆಯ ಸದ್ದು, ನಮ್ಮ ಮನೆಯ ನಿದ್ದೆ

ಹಳ್ಳಿಯಿಂದ ಪೇಟೆಗೆ ಬಂದು ಬಾಡಿಗೆಯ ಮನೆ ಹಿಡಿಯುವವರು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಶಾಲೆ ಎಷ್ಟು ದೂರ, ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಮೇಲಿನ ಮನೆಯ ಸದ್ದು ಕೆಳಗಿನ ಮನೆಗೆ ಎಷ್ಟು ಇಳಿದು ಬರುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ. ಕರಾರು ಪತ್ರದಲ್ಲಿ ಅದಕ್ಕೊಂದು ಸಾಲಿಲ್ಲ. ಆದರೆ ಒಂದು ಸಂಸಾರದ ನೆಮ್ಮದಿ ಕದಡುವುದಕ್ಕೂ, ಎರಡು ಮನೆಗಳು ಮುಖ ನೋಡದಂತಾಗುವುದಕ್ಕೂ ಈ ಒಂದು ಸಂಗತಿ ಸಾಕು. ಒಂದೇ ಕಟ್ಟಡದಲ್ಲಿ ಐದಾರು ಸಂಸಾರಗಳು ಬಾಳುವುದು ಈಗ ಬೆಂಗಳೂರಿನಲ್ಲಿ ಮಾತ್ರವಲ್ಲ, ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೂ ವಾಡಿಕೆಯಾಗಿರುವುದರಿಂದ ನಮ್ಮ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಸೊರಬ ತಾಲ್ಲೂಕಿನಲ್ಲಿರುವ ನಮ್ಮ ಹಿರಿಯರ ಮನೆ ತೊಟ್ಟಿಯ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಹಲಗೆಯ ಅಟ್ಟ, ಅದರ ಮೇಲೆ ಹೆಂಚು. ನಮಗೂ ನೆರೆಮನೆಗೂ ನಡುವೆ ಅಡಿಕೆಯ ತೋಟ. ಅಲ್ಲಿ ಸದ್ದೇ ಇರಲಿಲ್ಲವೆಂದಲ್ಲ. ಮಳೆಗಾಲದಲ್ಲಿ ಕಪ್ಪೆಗಳೂ ಜೀರುಂಡೆಗಳೂ ರಾತ್ರಿಯನ್ನು ತುಂಬುತ್ತಿದ್ದವು. ಅಡಿಕೆಯ ಸುಗ್ಗಿ ಬಂದಿತೆಂದರೆ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಮಾತು, ನಗೆ, ಅಡಿಕೆ ಬೇಯುವ ಹಂಡೆಯ ಕೆಳಗೆ ಸೌದೆ ಸಿಡಿಯುವ ಸದ್ದು ಎಲ್ಲವೂ ಇದ್ದವು. ದೀಪಾವಳಿ ಕಳೆದ ಮೇಲೆ ಸೊರಬ, ಶಿಕಾರಿಪುರ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದ ಗದ್ದಲವನ್ನು ಕಂಡವರೇ ಬಲ್ಲರು. ಆದರೆ ಆ ಸದ್ದುಗಳಿಗೆ ಒಂದು ಕಾಲವಿತ್ತು, ಒಂದು ಕೊನೆಯಿತ್ತು. ಸದ್ದು ಮಾಡುವವರ ಹೆಸರು ನಮಗೆ ಗೊತ್ತಿತ್ತು. ಎಷ್ಟೋ ಸಲ ಅದರಲ್ಲಿ ನಾವೂ ಪಾಲುಗಾರರಾಗಿರುತ್ತಿದ್ದೆವು.

ತಾಯಿಯವರ ಹೃದಯದ ಚಿಕಿತ್ಸೆಗಾಗಿ ಆಗಾಗ ಶಿವಮೊಗ್ಗೆಗೆ ಹೋಗಿಬರಬೇಕಾಯಿತು. ಮಗಳು ದ್ವಿತೀಯ ಪಿಯುಸಿಗೆ ಕಾಲಿಟ್ಟಿದ್ದಳು. ಶಿಕಾರಿಪುರದಿಂದ ಶಿವಮೊಗ್ಗ ಸುಮಾರು 50 ಕಿ.ಮೀ.; ಬಸ್ಸಿನ ಅನುಕೂಲವೂ ಉಂಟು. ಆದುದರಿಂದ ತೋಟವನ್ನು ತಮ್ಮನ ಸಂಸಾರಕ್ಕೆ ಒಪ್ಪಿಸಿ ಶಿಕಾರಿಪುರದಲ್ಲಿ ಮೂರು ಅಂತಸ್ತಿನ, ಆರು ಮನೆಗಳ ಕಟ್ಟಡವೊಂದರಲ್ಲಿ ಮನೆ ಹಿಡಿದೆವು. ಮನೆ ಗಾಳಿ ಬೆಳಕುಗಳಿಂದ ಕೂಡಿತ್ತು. ಮೊದಲ ವಾರ ಯಾವ ತೊಂದರೆಯೂ ತೋರಲಿಲ್ಲ.

ಎರಡನೆಯ ವಾರ ನಮ್ಮ ಮೇಲಿನ ಮನೆಗೆ ಹೊಸ ಒಕ್ಕಲು ಬಂದಿತು. ಅಂದಿನಿಂದ ಬೆಳಗಿನ ಜಾವ ನಾಲ್ಕು ಗಂಟೆಗೆ ಸರಿಯಾಗಿ ತಲೆಯ ಮೇಲೆ ಪಟಪಟ ಸದ್ದು ಆರಂಭವಾಯಿತು. ಅದು ಆರು ಗಂಟೆಯವರೆಗೂ ನಿಲ್ಲುತ್ತಿರಲಿಲ್ಲ. ನಡುನಡುವೆ ಪಾತ್ರೆ ಎಳೆದಂತೆ, ಕಬ್ಬಿಣ ಇಟ್ಟಂತೆ ಸದ್ದು. ತಾಯಿಯವರಿಗೆ 80 ದಾಟಿದೆ. ರಾತ್ರಿಯ ಗುಳಿಗೆ ನುಂಗಿ ಮಲಗಿದರೂ ಅವರಿಗೆ ನಿದ್ದೆ ಹತ್ತುವುದು ಒಂದು ಗಂಟೆಯ ಮೇಲೆಯೇ. ನಾಲ್ಕಕ್ಕೆ ಬೆಚ್ಚಿ ಎದ್ದು ಎದೆ ಹಿಡಿದು ಕುಳಿತುಕೊಳ್ಳುವರು. ವೈದ್ಯರು ಔಷಧಿಯ ಚೀಟಿ ಬರೆಯುವಾಗ, ನಿದ್ದೆ ಕೆಡದಂತೆ ನೋಡಿಕೊಳ್ಳಿರೆಂದು ಎರಡು ಸಲ ಹೇಳಿದ್ದರು. ಹದಿನೈದು ದಿನಗಳಲ್ಲಿ ತಾಯಿಯವರು ಊಟ ಕಡಿಮೆ ಮಾಡಿದರು. “ನನ್ನನ್ನು ಊರಿಗೇ ಬಿಟ್ಟು ಬನ್ನಿರಪ್ಪ” ಎಂದು ಹೇಳತೊಡಗಿದರು.

ಸಲಹೆ ಕೊಡುವವರಿಗೆ ಕೊರತೆಯಿರಲಿಲ್ಲ. ಕೋಲಿನಿಂದ ತಾರಸಿಗೆ ಕುಟ್ಟಿರೆಂದು ಒಬ್ಬರು, ಅವರು ಮಲಗುವ ಹೊತ್ತಿಗೆ ಟೀವಿ ಜೋರಾಗಿ ಹಾಕಿರೆಂದು ಇನ್ನೊಬ್ಬರು. ಮನೆಯ ಮಾಲೀಕರಂತೂ, “ನೀವು ಒಂದು ಮಾತು ಹೇಳಿರಿ, ಬರುವ ತಿಂಗಳೇ ಖಾಲಿ ಮಾಡಿಸುತ್ತೇನೆ” ಎಂದರು. ಆ ಮಾತು ಕೇಳಿ ನಮಗೆ ಸಮಾಧಾನಕ್ಕಿಂತ ಅಳುಕೇ ಹೆಚ್ಚಾಯಿತು. ಮೇಲಿರುವವರು ಯಾರು, ಆ ಹೊತ್ತಿನಲ್ಲಿ ಏನು ಮಾಡುತ್ತಾರೆಂಬುದನ್ನು ತಿಳಿಯದೆ ಒಂದು ಸಂಸಾರವನ್ನು ಬೀದಿಗೆ ನಿಲ್ಲಿಸುವ ಮಾತನ್ನು ಆಡುವುದು ಹೇಗೆ? ಮೊದಲು ನಾವೇ ಮಾತನಾಡಿ ನೋಡುತ್ತೇವೆಂದು ಮಾಲೀಕರಿಗೆ ತಿಳಿಸಿದೆವು.

ಒಂದು ಸಂಜೆ ಊರಿನಿಂದ ಬಂದಿದ್ದ ಬಾಳೆಹಣ್ಣಿನ ಚಿಪ್ಪೊಂದನ್ನು ಹಿಡಿದು ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಬೆಳಗಿನ ಜಾವ ಸಿಟ್ಟಿನಲ್ಲಿ ಹೋಗಿ ಬಾಗಿಲು ಬಡಿಯುವುದಕ್ಕೂ, ಸಂಜೆ ದೀಪ ಹಚ್ಚಿದ ಮೇಲೆ ಹೋಗುವುದಕ್ಕೂ ಅಂತರವುಂಟು. ಬಾಗಿಲು ತೆರೆದವರು ನಲವತ್ತರ ಹರೆಯದ ಒಬ್ಬ ಹೆಣ್ಣುಮಗಳು. ಹಿರೇಕೆರೂರಿನ ಕಡೆಯವರು. ಪತಿ ತೀರಿಕೊಂಡು ನಾಲ್ಕು ವರ್ಷ. ಕಾಲೇಜಿಗೆ ಹೋಗುವ ಮಗನೊಬ್ಬನಿದ್ದಾನೆ. ಖಾನಾವಳಿಗಳಿಗೂ ಮದುವೆಯ ಮನೆಗಳಿಗೂ ಜೋಳದ ರೊಟ್ಟಿ ಮಾಡಿಕೊಡುವುದು ಅವರ ಕಾಯಕ. ದಿನಕ್ಕೆ ನೂರೈವತ್ತು ರೊಟ್ಟಿ. ಏಳು ಗಂಟೆಯ ಒಳಗೆ ಬುಟ್ಟಿ ತುಂಬಿ ಹೊರಡಬೇಕು. ನಮ್ಮ ತಲೆಯ ಮೇಲೆ ಬೀಳುತ್ತಿದ್ದ ಪೆಟ್ಟು ಅವರು ನೆಲದ ಮೇಲೆ ಹಲಗೆಯಿಟ್ಟು ರೊಟ್ಟಿ ತಟ್ಟುತ್ತಿದ್ದ ಪೆಟ್ಟು.

ನಾವು ತಾಯಿಯವರ ವಿಷಯವನ್ನು ಮಾತ್ರ ಹೇಳಿದೆವು. ದೂರಿನ ಮಾತು ಆಡಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. “ಅಯ್ಯೋ ಅಕ್ಕಾರ, ಕೆಳಗ ಅಷ್ಟು ಕೇಳತೈತೇನ್ರೀ? ನಂಗ ಗೊತ್ತಾಗಲಿಲ್ರೀ. ಮಾಲೀಕರಿಗೆ ಹೇಳಬ್ಯಾಡ್ರೀ, ಈ ಮನಿ ಸಿಗೋದಕ್ಕ ಮೂರು ತಿಂಗಳು ತಿರುಗೇನಿ” ಎಂದರು. ರೊಟ್ಟಿಯ ಕೆಲಸವೆಂದೊಡನೆ ಹೊಗೆ, ಸದ್ದು ಎಂದು ಹೇಳಿ ಮನೆ ಕೊಡಲು ಹಿಂಜರಿಯುವವರೇ ಹೆಚ್ಚಂತೆ. “ಬಿಡಿಸುವುದಕ್ಕೆ ಬಂದವರಲ್ಲ ತಂಗಿ. ರೊಟ್ಟಿಯೂ ಆಗಬೇಕು, ಅವ್ವನ ನಿದ್ದೆಯೂ ಆಗಬೇಕು. ಏನು ಮಾಡಬಹುದು, ಕೂಡಿ ನೋಡೋಣ” ಎಂದೆವು.

ಇಲ್ಲಿ ಸದ್ದಿನ ಸ್ವಭಾವವನ್ನು ಕೊಂಚ ತಿಳಿಯಬೇಕು. ಒಂದು ಮನೆಯ ಸದ್ದು ಇನ್ನೊಂದು ಮನೆಗೆ ಎರಡು ದಾರಿಗಳಿಂದ ಬರುತ್ತದೆ. ಮಾತು, ಹಾಡು, ಟೀವಿಗಳ ಸದ್ದು ಗಾಳಿಯಲ್ಲಿ ಹೊರಟು ಕಿಟಕಿ, ಬಾಗಿಲಿನ ಸಂದುಗಳಿಂದ ನುಗ್ಗುತ್ತದೆ. ಇದನ್ನು ದಪ್ಪ ಗೋಡೆ ತಡೆಯುತ್ತದೆ. ಭಾರವಾದ ಗೋಡೆಯನ್ನು ಅಲುಗಿಸುವುದು ಗಾಳಿಯ ಕಂಪನಕ್ಕೆ ಸುಲಭವಲ್ಲ. ಕುಟ್ಟುವುದು, ತಟ್ಟುವುದು, ಕುರ್ಚಿ ಎಳೆಯುವುದು ಮೊದಲಾದವುಗಳ ಪೆಟ್ಟು ನೇರವಾಗಿ ಕಾಂಕ್ರೀಟಿನೊಳಗೆ ಇಳಿಯುತ್ತದೆ. ಗಟ್ಟಿಯಾದ ಕಾಂಕ್ರೀಟು ಆ ಕಂಪನವನ್ನು ಹೆಚ್ಚು ನುಂಗದೆ ಕೆಳಗಿನ ಮನೆಯ ತಾರಸಿಗೂ ಗೋಡೆಗೂ ಒಯ್ಯುತ್ತದೆ. ಆದುದರಿಂದಲೇ ಮೇಲಿನವರಿಗೆ ಸಣ್ಣದೆನಿಸುವ ಪೆಟ್ಟು ಕೆಳಗಿನವರಿಗೆ ದೊಡ್ಡದಾಗಿ ಕೇಳುವುದು. ಇದಕ್ಕೆ ಮದ್ದು ಒಂದೇ: ಪೆಟ್ಟು ಬೀಳುವ ವಸ್ತುವಿಗೂ ನೆಲಕ್ಕೂ ನಡುವೆ ಮೆತ್ತನೆಯದೊಂದನ್ನು ಇಟ್ಟು ಸಂಬಂಧ ಕಡಿಯುವುದು.

ಹಾಗೆಯೇ ಮಾಡಿದೆವು. ಎರಡು ಗೋಣಿಚೀಲಗಳನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಹಳೆಯ ಕಂಬಳಿಯ ತುಂಡು, ಅದರ ಮೇಲೆ ದಪ್ಪ ರಬ್ಬರಿನ ಹಾಸು ಹಾಕಿ ಹಲಗೆಯನ್ನು ಇಟ್ಟೆವು. ತಾಯಿಯವರ ಮಂಚದ ನೇರಕ್ಕೆ ಇದ್ದ ಜಾಗವನ್ನು ಬಿಟ್ಟು, ನಮ್ಮ ಬಚ್ಚಲಿನ ಮೇಲೆ ಬರುವ ಮೂಲೆಗೆ ಅವರು ಒಲೆಯನ್ನು ಸರಿಸಿಕೊಂಡರು. ಸ್ಟೂಲಿನ ಕಾಲುಗಳಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದೆವು. ಖರ್ಚು ಮುನ್ನೂರು ರೂಪಾಯಿಯನ್ನು ದಾಟಲಿಲ್ಲ. ಅದನ್ನೂ ಅರ್ಧರ್ಧ ಹಂಚಿಕೊಂಡೆವು. ಅವರು ಖಾನಾವಳಿಯವರೊಡನೆ ಮಾತನಾಡಿ ಅರ್ಧ ರೊಟ್ಟಿಯನ್ನು ಹಿಂದಿನ ದಿನ ಮಧ್ಯಾಹ್ನವೇ ಮಾಡಿ ಖಡಕ್ ಮಾಡಿಕೊಡುವಂತೆ ಒಪ್ಪಿಸಿದರು. ಈಗ ಸಾಮಾನ್ಯ ದಿನಗಳಲ್ಲಿ ಕೆಲಸ ಆರಂಭವಾಗುವುದು ಐದೂವರೆಗೆ. ಮದುವೆಯ ದಿನಗಳಲ್ಲಿ ನಾಲ್ಕಕ್ಕೆ ಏಳಲೇಬೇಕು. ಅಂತಹ ದಿನ ಹಿಂದಿನ ಸಂಜೆಯೇ ಮಗನನ್ನು ಕಳುಹಿಸಿ ತಿಳಿಸುತ್ತಾರೆ. ಮೊದಲೇ ತಿಳಿದ ಸದ್ದು ಅರ್ಧ ಸದ್ದು. ಅಂದು ತಾಯಿಯವರನ್ನು ಪಡಸಾಲೆಯಲ್ಲಿ ಮಲಗಿಸುತ್ತೇವೆ.

ಸದ್ದು ಪೂರ್ಣ ಹೋಯಿತೆಂದು ಹೇಳಲಾರೆವು. ಕಿವಿಗೊಟ್ಟರೆ ಈಗಲೂ ಮೆಲ್ಲಗೆ ಕೇಳುತ್ತದೆ. ಆದರೆ ತಾಯಿಯವರು ಬೆಚ್ಚಿ ಏಳುವುದು ನಿಂತಿದೆ. ಮಗಳ ಪರೀಕ್ಷೆಯೂ ಸಾಂಗವಾಗಿ ಮುಗಿಯಿತು.

ಎಲ್ಲ ಸದ್ದೂ ಹೀಗೆ ಹೊಟ್ಟೆಪಾಡಿನದಲ್ಲ, ಎಲ್ಲ ನೆರೆಯವರೂ ಹೀಗೆ ಕಿವಿಗೊಡುವವರಲ್ಲವೆಂಬುದನ್ನೂ ಬಲ್ಲೆವು. ಹುಟ್ಟುಹಬ್ಬವೆಂದು ನಡುರಾತ್ರಿ ತಾರಸಿಯ ಮೇಲೆ ಧ್ವನಿವರ್ಧಕ ಹಚ್ಚುವವರು, ವಿನಂತಿಸಿದರೆ ಇನ್ನೂ ಜೋರು ಮಾಡುವವರು ಇದ್ದಾರೆ. ಅಂಥವರ ಮುಂದೆ ತಾಳ್ಮೆ ಸಾಲದೆ ಹೋದರೆ ಕಾನೂನಿನ ಆಸರೆಯುಂಟು. 2000ದ ಫೆಬ್ರವರಿ 14ರಂದು ಕೇಂದ್ರ ಸರ್ಕಾರವು ಶಬ್ದಮಾಲಿನ್ಯ ನಿಯಮಗಳನ್ನು ಹೊರಡಿಸಿತು. ಅದರಂತೆ ವಸತಿ ಪ್ರದೇಶದಲ್ಲಿ ಬೆಳಗಿನ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್. ಪ್ರತಿ 10 ಡೆಸಿಬಲ್ ಏರಿದಂತೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆಂಬುದನ್ನು ನೆನಪಿಟ್ಟರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಮಲಗುವ ಕೋಣೆಯೊಳಗೆ 30 ಡೆಸಿಬಲ್ ಮೀರದಿರುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಸೂಚಿಸಿತ್ತು. ರಾತ್ರಿಯ ಹೊತ್ತು ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ ನಿಷೇಧವಿದೆ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ, ರಾತ್ರಿ 12ರವರೆಗೆ ಮಾತ್ರ ರಾಜ್ಯ ಸರ್ಕಾರವು ಸಡಿಲಿಕೆ ಕೊಡಬಹುದು.

2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ವಿಸ್ತಾರವಾದ ತೀರ್ಪನ್ನು ಕೊಟ್ಟು, ನೆಮ್ಮದಿಯಿಂದ ಬದುಕುವ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿದೆಯೆಂದೂ, ತನ್ನ ಮಾತಿನ ಹಕ್ಕಿನ ಹೆಸರಿನಲ್ಲಿ ಒಲ್ಲದವರ ಕಿವಿಗೆ ಸದ್ದು ತುಂಬುವ ಅಧಿಕಾರ ಯಾರಿಗೂ ಇಲ್ಲವೆಂದೂ ಸಾರಿತು. ಆ ಮೊಕದ್ದಮೆಯ ಹಿಂದೆ ಅತ್ಯಂತ ದಾರುಣವಾದ ಘಟನೆಯಿತ್ತು. ಅತ್ಯಾಚಾರಕ್ಕೆ ಗುರಿಯಾದ 13 ವರ್ಷದ ಬಾಲಕಿಯ ಕೂಗು, ಅಕ್ಕಪಕ್ಕದ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳದೆ ಹೋಗಿತ್ತು. ಅತಿಯಾದ ಸದ್ದು ನಿದ್ದೆಯನ್ನಷ್ಟೇ ಅಲ್ಲ, ನೆರೆಯವರ ಮೊರೆಯನ್ನೂ ನುಂಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಸಾರ್ವಜನಿಕ ಉಪದ್ರವವು ಅಪರಾಧವೇ. 292ನೆಯ ಕಲಮಿನಂತೆ 1,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ರಾತ್ರಿಯ ಹೊತ್ತು 112ಕ್ಕೆ ಕರೆ ಮಾಡಿದರೆ ಪೊಲೀಸರನ್ನು ಕರೆಸಿಕೊಳ್ಳಬಹುದು.

ಆದರೂ ನಮ್ಮ ಅನುಭವದಲ್ಲಿ ಕಾನೂನು ಕೊನೆಯ ಮೆಟ್ಟಿಲು. ಮೊದಲು ಸದ್ದು ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಬರುತ್ತದೆಂದು ಒಂದು ವಾರ ಬರೆದಿಟ್ಟುಕೊಳ್ಳಬೇಕು. ಸಿಟ್ಟು ಹೇಳುವ ಲೆಕ್ಕ ಬೇರೆ, ಗಡಿಯಾರ ಹೇಳುವ ಲೆಕ್ಕ ಬೇರೆ. ಬಳಿಕ ಸಮಾಧಾನದ ಹೊತ್ತಿನಲ್ಲಿ ಹೋಗಿ ನಮ್ಮ ಕಷ್ಟವನ್ನು ಹೇಳಬೇಕು. ಅವರ ನಡತೆಯನ್ನು ಹಳಿಯಬಾರದು. ಏನು ಬದಲಾಗಬೇಕೆಂಬುದನ್ನು ಸ್ಪಷ್ಟವಾಗಿ ಕೇಳಬೇಕು. ಅದಕ್ಕೂ ಬಗ್ಗದಿದ್ದರೆ ಕಟ್ಟಡದ ಉಳಿದ ಮನೆಯವರನ್ನು, ಮಾಲೀಕರನ್ನು, ಸಂಘವಿದ್ದಲ್ಲಿ ಸಂಘವನ್ನು ಕೂಡಿಸಿ ಬರವಣಿಗೆಯಲ್ಲಿ ಕೊಡಬೇಕು. ಪೊಲೀಸರ ಮಾತು ಅದರ ಆಚೆಗೆ. ಮನೆ ಕಟ್ಟಿಸುವವರಲ್ಲಿಯೂ ಒಂದು ವಿನಂತಿ. ನೀರೆತ್ತುವ ಮೋಟಾರಿನ ಕೆಳಗೆ ರಬ್ಬರಿನ ಹಾಸು ಹಾಕಿಸಿರಿ. ಮೇಲಿನ ಮನೆಯ ಅಡಿಗೆಮನೆ, ಬಚ್ಚಲುಗಳು ಕೆಳಗಿನ ಮಲಗುವ ಕೋಣೆಯ ಮೇಲೆ ಬಾರದಂತೆ ನಕ್ಷೆ ಮಾಡಿಸಿರಿ. ಕಟ್ಟುವಾಗ ಇದಕ್ಕೆ ಹೆಚ್ಚು ಖರ್ಚಿಲ್ಲ; ಕಟ್ಟಿದ ಮೇಲೆ ಸರಿಪಡಿಸುವುದು ಕಷ್ಟ.

ಮೊನ್ನೆ ಮೇಲಿನ ಮನೆಯಲ್ಲಿ ಮೂರು ದಿನ ಯಾವ ಸದ್ದೂ ಇರಲಿಲ್ಲ. ಎರಡನೆಯ ದಿನವೇ ತಾಯಿಯವರು, “ಆ ಹುಡುಗಿಗೆ ಮೈಗೆ ಹುಷಾರಿಲ್ಲವೇನೋ, ಮೇಲೆ ಹೋಗಿ ನೋಡಿ ಬನ್ನಿರಿ” ಎಂದರು. ಹೋಗಿ ನೋಡಿದರೆ ಆ ಹೆಣ್ಣುಮಗಳು ಜ್ವರದಿಂದ ಮಲಗಿದ್ದರು. ಮಗ ಕಾಲೇಜಿಗೆ ಹೋಗಿದ್ದ. ಗಂಜಿ ಮಾಡಿಕೊಟ್ಟು, ವೈದ್ಯರಲ್ಲಿಗೆ ಕರೆದೊಯ್ದು ಬಂದೆವು. ನಾಲ್ಕನೆಯ ದಿನ ಐದೂವರೆಗೆ ಮೆಲ್ಲನೆಯ ಪಟಪಟ ಕೇಳಿಬಂದಿತು. ತಾಯಿಯವರು ಮಗ್ಗುಲು ಬದಲಿಸಿ, “ಎದ್ದಳು ನೋಡು” ಎಂದು ಮತ್ತೆ ನಿದ್ದೆಹೋದರು.