ಮೊದಲ ಗಾಡಿ ನಮ್ಮವ್ವನ ಕೈ

ನಮ್ಮವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಚುಕ್ಕೆ ಇದೆ. ಸಾಸಿವೆ ಕಾಳಿನಷ್ಟು. ನಾವು ಡಿಗ್ರಿ ಕೊನೇ ವರ್ಷದಲ್ಲಿದ್ದಾಗ ಆದದ್ದು. ಯಾರದೋ ಮನೆಯ ಸಕ್ಕರೆ ಕಾಯಿಲೆಯ ಸೂಜಿ, ಸೊಪ್ಪಿನ ಕಡ್ಡಿ, ಹಾಲಿನ ಕವರುಗಳ ಜೊತೆ ಗಂಟಾಗಿ ಬಂದು, ಕಸ ಬೇರೆ ಮಾಡುತ್ತಿದ್ದ ಅವ್ವನಿಗೆ ಚುಚ್ಚಿತು. ಅವ್ವ ಬೆರಳು ಹಿಂಡಿ, ಬೀದಿ ನಲ್ಲಿಯಲ್ಲಿ ತೊಳೆದು, ಮತ್ತೆ ಗಾಡಿ ತಳ್ಳಿದಳು. ಸಂಜೆ ನಮಗೆ ಹೇಳಿದ್ದು ಇಷ್ಟೆ: "ಏನೂ ಆಗಿಲ್ಲ ಕಣ್ಲಾ, ಜಾಲಿಮುಳ್ಳು ಚುಚ್ಚಿದಂಗೆ."

ಅವ್ವನಿಗೆ ನಿದ್ದೆ ಬಂತು. ನಮಗೆ ಬರಲಿಲ್ಲ. ಓದಿದ್ದಕ್ಕೆ ಸಿಕ್ಕಿದ ಮೊದಲ ಫಲ ಅದು, ಭಯ. ಮಾರನೇ ದಿನ ಅವ್ವನ ಅರ್ಧ ದಿನದ ಹಾಜರಿ ಹೋದರೂ ಹೋಗಲಿ ಅಂತ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದರು. ಮೂರು ತಿಂಗಳಾದ ಮೇಲೆ ಮತ್ತೆ ಬನ್ನಿ, ಆಗ ಖಾತ್ರಿ ಆಗುತ್ತೆ ಅಂದರು.

ಆ ಮೂರು ತಿಂಗಳು ಅವ್ವ ತನ್ನ ತಟ್ಟೆ ಲೋಟವನ್ನು ತಾನೇ ಬೇರೆ ಇಟ್ಟುಕೊಂಡಳು. ಹಂಗೆಲ್ಲಾ ಅಂಟಲ್ಲ ಕಣವ್ವ ಅಂತ ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಊರಿನ ಹೋಟ್ಲು ನಮಗೆ ಬೇರೆ ಲೋಟ ಇಟ್ಟಿದ್ದನ್ನು ನಾವು ಕಂಡಿದ್ದೆವು. ನಮ್ಮ ಮನೆಯೊಳಗೇ ಬೇರೆ ಲೋಟ ಕಂಡದ್ದು ಅದೇ ಮೊದಲು.

ಆ ದಿನಗಳಲ್ಲೇ ನಾವು ಕಸದ ಕಾನೂನು ಓದಿದ್ದು. ಕವಿತೆ ಬರೆಯುವವರಿಗೆ ಗೆಜೆಟ್ಟು ಯಾಕೆ ಅಂತ ಗೆಳೆಯರು ನಕ್ಕರು. ನಮಗೆ ಒಂದೇ ಪ್ರಶ್ನೆ ಇತ್ತು: ಆ ಸೂಜಿ ಅವ್ವನ ಕೈಗೆ ಬಂದದ್ದು ಯಾವ ದಾರಿಯಲ್ಲಿ? ಬರಬೇಕಾಗಿದ್ದ ದಾರಿ ಯಾವುದು?

ಕಾನೂನು ಏನೂ ಹೇಳಿಲ್ಲ ಅನ್ನಬೇಡಿ ಗೆಳೆಯರೇ. ಬೇಕಾದಷ್ಟು ಹೇಳಿದೆ. ಕಾರ್ಖಾನೆಯ ವಿಷದ ಕಸ ಗೇಟು ದಾಟಬೇಕಾದರೆ ಏಳು ಪ್ರತಿಯ ಪತ್ರ ಬೇಕು ಅಂತ 2016ರ ಅಪಾಯಕಾರಿ ತ್ಯಾಜ್ಯ ನಿಯಮ ಬರೆಯಿತು. ಬಿಳಿ, ಹಳದಿ, ಗುಲಾಬಿ, ಕಿತ್ತಳೆ, ಹಸಿರು, ನೀಲಿ, ಬೂದು. ಕಳಿಸಿದವನಿಗೊಂದು, ಸಾಗಿಸಿದವನಿಗೊಂದು, ಇಳಿಸಿಕೊಂಡವನಿಗೊಂದು, ಉಳಿದವು ಮಂಡಳಿಗೆ ಮತ್ತು ಲೆಕ್ಕಕ್ಕೆ. ಡಬ್ಬದ ಮೇಲೆ ಚೀಟಿ. ದಾರಿಯಲ್ಲಿ ಚೆಲ್ಲಿದರೆ ಏನು ಮಾಡಬೇಕು ಅಂತ ಲಾರಿಯವನ ಕೈಗೆ ಒಂದು ತುರ್ತು ಕಾರ್ಡು. ರಾಸಾಯನಿಕ ಅಂಟಿದ ಬರಿಗೊಡ್ಡು ಪೀಪಾಯಿಗೂ ಅಷ್ಟು ಮರ್ಯಾದೆ.

ಆಸ್ಪತ್ರೆಯ ಸೂಜಿಗೂ ದಾರಿ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅದು ಚುಚ್ಚಿದರೂ ತೂತು ಬೀಳದ ಬಿಳಿ ಡಬ್ಬಕ್ಕೆ ಹೋಗಬೇಕು, ಮೇಲೆ ಬಾರ್‌ಕೋಡ್ ಬೀಳಬೇಕು, ಜಿಪಿಎಸ್ ಇರುವ ಗಾಡಿ ಹತ್ತಬೇಕು. ಅದನ್ನು ಮುಟ್ಟುವವರಿಗೆ ಆಸ್ಪತ್ರೆಯವರು ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು.

ಅದೇ ಸೂಜಿ ಮನೆಯದಾದರೆ? ಬೇರೆ ಚೀಲದಲ್ಲಿ ಹಾಕಿ ಮುನಿಸಿಪಾಲಿಟಿಯ ಕಸದವರ ಕೈಗೆ ಕೊಡಿ ಅಂತ ಅದೇ ನಿಯಮ ಹೇಳಿತು.

ಕೈಗೆ ಕೊಡಿ. ಆ ಕೈ ಯಾರದು?

2016ರ ಏಪ್ರಿಲ್ 8ರಂದು ಬಂದ ಘನತ್ಯಾಜ್ಯ ನಿಯಮದಲ್ಲಿ ಮನೆಯ ಅಪಾಯಕಾರಿ ಕಸದ ಪಟ್ಟಿಯೇ ಇತ್ತು. ಬಣ್ಣದ ಡಬ್ಬ, ಕ್ರಿಮಿನಾಶಕದ ಕ್ಯಾನು, ಟ್ಯೂಬ್‌ಲೈಟು, ಅವಧಿ ಮುಗಿದ ಮಾತ್ರೆ, ಒಡೆದ ಥರ್ಮಾಮೀಟರು, ಬ್ಯಾಟರಿ ಸೆಲ್ಲು, ಸೂಜಿ, ಸಿರಿಂಜು. ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ತೆರೆಯಬೇಕು, ಎಷ್ಟು ಹೊತ್ತಿಗೆ ಬಾಗಿಲು ತೆಗೆದಿರುತ್ತೆ ಅಂತ ಜನಕ್ಕೆ ತಿಳಿಸಬೇಕು, ಜನ ತಂದು ಅಲ್ಲಿ ಒಪ್ಪಿಸಬೇಕು, ಅಲ್ಲಿಂದ ಮುಂದೆ ಜೋಪಾನವಾಗಿ ಸಾಗಿಸಬೇಕು. 2026ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮ ಕಸವನ್ನು ನಾಲ್ಕು ಭಾಗ ಮಾಡಿ, ಈ ಭಾಗಕ್ಕೆ ವಿಶೇಷ ಆರೈಕೆಯ ಕಸ ಅಂತ ಹೆಸರಿಟ್ಟಿತು. ಕಸಕ್ಕೆ ಆರೈಕೆ ಸಿಕ್ಕಿದ್ದು ಸಂತೋಷ.

ಕೇಂದ್ರದಿಂದ ಮುಂದಕ್ಕೆ ಲಾರಿ ಇದೆ, ಲೆಕ್ಕ ಇದೆ. ಹೊಸಿಲಿನಿಂದ ಕೇಂದ್ರದವರೆಗೆ ಏನಿದೆ? ಅಷ್ಟು ದಾರಿಯನ್ನು ಜಾತಿ ನೋಡಿಕೊಳ್ಳುತ್ತದೆ. ನಾವು ಕಂಡ ಒಬ್ಬ ಮನೆಯೊಡೆಯನೂ ತನ್ನ ಸೂಜಿಯನ್ನು ತಾನೇ ಹಿಡಿದು ಕೇಂದ್ರ ಎಲ್ಲಿದೆ ಅಂತ ಕೇಳಿದ್ದಿಲ್ಲ. ಬೆಳಿಗ್ಗೆ ಹೆಂಗೂ ಅವಳು ಬರ್ತಾಳಲ್ಲ!

ನಮ್ಮಜ್ಜಿ ಮಲದ ಬಕೀಟು ಹೊತ್ತವಳು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅಜ್ಜಿ ತಲೆಯಿಂದ ಬಕೀಟು ಇಳಿಯಿತು. ಅವ್ವನ ಕೈಗೆ ತಳ್ಳುಗಾಡಿ ಬಂತು. ಹೊರೆ ಬದಲಾಯಿತು, ಹೊರುವ ಕೇರಿ ಬದಲಾಗಲಿಲ್ಲ. ಮಲಕ್ಕೆ ವಾಸನೆಯಾದರೂ ಇತ್ತು, ಮೂಗು ಎಚ್ಚರಿಸುತ್ತಿತ್ತು. ಈ ವಿಷಕ್ಕೆ ವಾಸನೆಯೂ ಇಲ್ಲ.

ನಮಗೆ ಹೇಗೆ ಗೊತ್ತಿರಬೇಕು? ಚಿಕ್ಕವರಿದ್ದಾಗ ಗಾಡಿಯಲ್ಲಿ ಸಿಕ್ಕಿದ ಒಡೆದ ಥರ್ಮಾಮೀಟರಿನ ಪಾದರಸವನ್ನು ಅಂಗೈ ಮೇಲೆ ಉರುಳಿಸಿ ಆಡಿದ್ದೇವೆ. ಬೆಳ್ಳಿ ಗುಂಡು ಅಂತ ಕರೆದಿದ್ದೇವೆ. ಸುಟ್ಟುಹೋದ ಟ್ಯೂಬ್‌ಲೈಟುಗಳನ್ನು ಕತ್ತಿ ಮಾಡಿಕೊಂಡು ಯುದ್ಧ ಆಡಿ ಒಡೆದಿದ್ದೇವೆ, ತುದಿಯ ಅಲ್ಯೂಮಿನಿಯಂ ಕಿತ್ತು ಗುಜರಿಗೆ ಹಾಕಿದ್ದೇವೆ. ಒಡೆದ ಕೊಳವೆಯಿಂದ ಏಳುವ ಪಾದರಸದ ಆವಿ ನರಕ್ಕೂ ಮೂತ್ರಪಿಂಡಕ್ಕೂ ಕೇಡು ಅಂತ ಕಾಲೇಜಿನಲ್ಲಿ ಓದಿದಾಗ, ನಮಗೆ ನೆನಪಾದದ್ದು ಪುಸ್ತಕವಲ್ಲ, ಕೇರಿಯ ಮಕ್ಕಳ ಉಸಿರು.

ಹಳ್ಳಿಯ ಮೇಷ್ಟ್ರುಗಳು ಇದು ಪೇಟೆಯ ಮಾತು ಅಂದುಕೊಳ್ಳಬಾರದು. ಕ್ರಿಮಿನಾಶಕದ ಖಾಲಿ ಡಬ್ಬವನ್ನು ಒಡೆದು, ಜನವಸತಿಯಿಂದ ದೂರ ಹೂಳಬೇಕು ಅಂತ 1971ರ ಕೀಟನಾಶಕ ನಿಯಮ ಹೇಳಿತು. ನಮ್ಮ ಊರುಗಳಲ್ಲಿ ಜನವಸತಿಯಿಂದ ದೂರ ಅಂದರೆ ಯಾವ ಜಾಗ? ಊರಾಚೆ. ಊರಾಚೆ ಇರುವವರು ಯಾರು? ಹೂಳುವುದೂ ಇಲ್ಲ, ಎಸೆಯುತ್ತಾರೆ. ಕೆಂಪು ತ್ರಿಕೋನದ ಡಬ್ಬವನ್ನು ತೊಳೆದು ಸೀಮೆಎಣ್ಣೆ ತುಂಬಿಟ್ಟ ಮನೆಗಳನ್ನು ನಾವು ಕಂಡಿದ್ದೇವೆ. ತ್ರಿಕೋನದಲ್ಲಿ ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಅಆಇಈ ಜೊತೆಗೆ ಈ ನಾಲ್ಕು ಬಣ್ಣವನ್ನೂ ಮಕ್ಕಳಿಗೆ ಕಲಿಸಿ ಮೇಷ್ಟ್ರೇ.

ಒಂದು ರಾತ್ರಿ ಆ ಇಂಗ್ಲಿಷ್ ನಿಯಮವನ್ನು ಬಿಡಿಸಿ ಬಿಡಿಸಿ ಅವ್ವನಿಗೆ ಓದಿ ಹೇಳಿದೆವು. ಏಳು ಬಣ್ಣದ ಕಾಗದ, ಬಿಳಿ ಡಬ್ಬ, ಜಿಪಿಎಸ್ ಎಲ್ಲಾ ಕೇಳಿದಳು. ಕೊನೆಗೆ ಕೇಳಿದಳು: "ಎಲ್ಲಾ ಸರಿ ಕಣ್ಲಾ, ಅದ್ರಾಗೆ ನನ್ ಕೈ ಎಲ್ಲೈತೆ?"

"ಐತೆ ಕಣವ್ವ. ಗವಸು, ಬೂಟು, ಮಾಸ್ಕು, ಮಳೆ ಕೋಟು ಎಲ್ಲಾ ಕೊಡ್ಬೇಕು ಅಂತ ಬರ್ದವ್ರೆ."

ಅವ್ವ ಎದ್ದು ಹೋಗಿ ಗೂಡಿನಲ್ಲಿದ್ದ ಗವಸು ತಂದು ದೀಪದ ಕೆಳಗೆ ಹಿಡಿದಳು. ಬಟ್ಟೆಯದು. ವರ್ಷಕ್ಕೆ ಒಂದು ಜೊತೆ. ಹೆಬ್ಬೆರಳಿನ ಹತ್ತಿರ ಸೂಜಿ ನುಗ್ಗಿದ ತೂತು ಹಾಗೇ ಇತ್ತು.

ನಾವು ಕೇಳುವುದು ದಾನವಲ್ಲ. ಹೊಸಿಲಿನಿಂದಲೇ ಲೆಕ್ಕ ಶುರುವಾಗಲಿ. ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ಸೂಜಿ ಅಂತ ದೊಡ್ಡದಾಗಿ ಬರೆಯಿರಿ. ಟ್ಯೂಬ್‌ಲೈಟನ್ನು ಒಡೆಯದೆ ಅದರದೇ ರಟ್ಟಿನಲ್ಲಿ ಇಡಿ. ಕೇಂದ್ರ ಇದ್ದರೆ ನೀವೇ ಹೊತ್ತು ಹೋಗಿ. ನಿಮ್ಮ ವಿಷ, ನಿಮ್ಮ ಕೈ. ಮುಟ್ಟುವವರಿಗೆ ಸೂಜಿ ನುಗ್ಗದ ಗವಸು ಸಿಗಲಿ, ಲಸಿಕೆ ಸಿಗಲಿ, ಚುಚ್ಚಿದ ದಿನ ಸಂಬಳ ಕಡಿಯದ ರಜೆ ಸಿಗಲಿ. ವಿದ್ಯಾರ್ಥಿ ಗೆಳೆಯರು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ: ನಮ್ಮೂರಲ್ಲಿ ಆ ಕೇಂದ್ರ ಎಲ್ಲಿದೆ? ಎಷ್ಟು ಹೊತ್ತಿಗೆ ತೆರೆಯುತ್ತೆ? ಎಷ್ಟು ಜನ ಪೌರಕಾರ್ಮಿಕರಿಗೆ ಲಸಿಕೆ ಹಾಕಿಸಿದ್ದೀರಿ?

ಮೂರು ತಿಂಗಳಾದ ಮೇಲೆ ರಕ್ತದ ಚೀಟಿ ಬಂತು. ಏನೂ ಇರಲಿಲ್ಲ. ಆ ದಿನ ಅವ್ವ ತನ್ನ ತಟ್ಟೆಯನ್ನು ತಂದು ನಮ್ಮ ತಟ್ಟೆಗಳ ಜೊತೆ ಜೋಡಿಸಿದಳು. ಒಂದು ಮುದ್ದೆಯನ್ನು ಮುರಿದು ಎಲ್ಲರಿಗೂ ಹಾಕಿದಳು. ನಾವು ಉಂಡೆವು.

ಬೆಳಿಗ್ಗೆ ಐದೂವರೆಗೆ ಅದೇ ತೂತಿನ ಗವಸು ಹಾಕಿಕೊಂಡು ಹೊರಟಳು.