ಇನ್ನೆಷ್ಟು ಬೋರು ಬಾಕಿ ಇದೆ?

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗದ ಸ್ಪೇರ್ ಪಾರ್ಟ್ ಇಲ್ಲ ಅಂತಾರೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆ ನಡೆದರೆ ಕಣ್ಣಿಗೆ ಬೀಳೋದೆಲ್ಲ ಅದೇ: ಕ್ಲಚ್ ಪ್ಲೇಟು, ಸೀಟ್ ಕವರು, ಹಾರ್ನು, ಬೇರಿಂಗು. ಈ ರಸ್ತೆಗೆ ಇರುವುದು ಜಯಚಾಮರಾಜೇಂದ್ರ ಒಡೆಯರ್ ಹೆಸರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರೂ ಅವರೇ. ಆದರೆ ಆ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್‌ಗೆ ಒರಿಜಿನಲ್ ಸಿಲಿಂಡರ್ ಬೇಕು ಅಂತ ಇದೇ ರಸ್ತೆಯಲ್ಲಿ ಕೇಳಿ ನೋಡಿ. ನನಗೆ ಸಿಕ್ಕ ಉತ್ತರ: "ಪಿಸ್ಟನ್ ಇದೆ, ರಿಂಗ್ ಇದೆ. ಬ್ಲಾಕ್ ಮಾತ್ರ ಕೇಳ್ಬೇಡಿ ಮೇಡಂ."

ಕಾರಣ ಸರಳ. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂತು, ನಿಜ. ಆದರೆ ಅದು ಫೋರ್ ಸ್ಟ್ರೋಕ್ ಇಂಜಿನ್ನಿನ ಬೇರೆಯೇ ಗಾಡಿ. ಅದರ ಬ್ಲಾಕು ಹಳೇ ಟೂ ಸ್ಟ್ರೋಕ್ ಇಂಜಿನ್ನಿಗೆ ಕೂರೋದಿಲ್ಲ. ಹಾಗಾಗಿ ಒರಿಜಿನಲ್ಲೇ ಬೇಕು ಅಂದರೆ, ಇನ್ನೊಂದು ಗಾಡಿಯಿಂದ ಇಳಿಸಿದ್ದನ್ನೇ ಹುಡುಕಬೇಕು.

ನಮ್ಮದು ಅಪ್ಪ 1989ರಲ್ಲಿ ಕೊಂಡ ರೋಡ್‌ಕಿಂಗ್. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಕಳೆದ ಕೆಲವು ವರ್ಷಗಳಿಂದ ಓಡಿಸ್ತಿರೋದು ನಾನು. 2024ರಲ್ಲಿ ಆರ್‌ಸಿ ನವೀಕರಣಕ್ಕೆ ಬಂತು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ಈ ಪರೀಕ್ಷೆ. ಇನ್ನೆರಡು ತಿಂಗಳು ಇದೆ ಅನ್ನುವಾಗ ಇಂಜಿನ್ ಗಡಗಡ ಅನ್ನತೊಡಗಿತು. ಕಿಕ್ ಒತ್ತಿದರೆ ಕಾಲಿಗೆ ಎದುರೊತ್ತೇ ಇಲ್ಲ.

ಮೆಕ್ಯಾನಿಕ್ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲಿನ ಮಸಿ ಒರೆಸಿ ತೋರಿಸಿದ. "1.00" ಅಂತ ಅಚ್ಚಾಗಿತ್ತು. "ಇದೇ ಕೊನೇ ಸೈಜು ಮೇಡಂ. ಇನ್ನು ಬೋರ್ ಮಾಡೋಕೆ ಇದರಲ್ಲಿ ಏನೂ ಉಳಿದಿಲ್ಲ."

ಈ ಲೆಕ್ಕ ಗೊತ್ತಿಲ್ಲದೆ ಹಳೇ ಬ್ಲಾಕ್ ಕೊಳ್ಳೋಕೆ ಹೋಗಬಾರದು. ರೋಡ್‌ಕಿಂಗ್ ಸಿಲಿಂಡರಿನ ಮೂಲ ಅಳತೆ 65 ಮಿಲಿಮೀಟರ್. ಸವೆದಾಗ ಲೇತ್ ಅಂಗಡಿಯಲ್ಲಿ ಒಳಗೋಡೆಯನ್ನು ಕೊರೆದು ನುಣುಪು ಮಾಡಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕ್ತಾರೆ. 0.25, 0.50, 0.75, 1.00. ನಾಲ್ಕು ಮೆಟ್ಟಿಲು, ಅಷ್ಟೇ. ಪ್ರತಿ ಬೋರಿಗೂ ಬ್ಲಾಕಿನ ಆಯುಸ್ಸಿನಲ್ಲಿ ಒಂದು ಪಾಲು ಮುಗೀತು ಅಂತ ಅರ್ಥ. ಅಂಗಡಿಯವರು ತೋರಿಸೋದು ಹೊರಗಿನ ಹೊಳಪು. ನಾವು ದುಡ್ಡು ಕೊಡಬೇಕಾದ್ದು ಒಳಗೆ ಉಳಿದಿರೋ ಕಬ್ಬಿಣಕ್ಕೆ.

ಶಿವಾಜಿನಗರದ ಗುಜರಿಯಲ್ಲಿ ಒಂದು ಬ್ಲಾಕು ಸಿಕ್ಕಿತು. ಕಪ್ಪು ಬಣ್ಣ ಹೊಡೆದು ಮಿರಮಿರ ಅನ್ನುತ್ತಿತ್ತು. "ಏಕ್‌ದಂ ಸ್ಟ್ಯಾಂಡರ್ಡ್ ಐತೆ ಮೇಡಂ, ಕಣ್ಣು ಮುಚ್ಕೊಂಡ್ ತಗೊಳ್ಳಿ" ಅಂದರು ಸಾಬ್ರು. ನಾನು ಬ್ಯಾಗಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದೆ. ಬಾಯಿಯ ಅಳತೆ ಹತ್ತಿರ ಹತ್ತಿರ 66 ತೋರಿಸಿತು. ಮೇಲಂಚಿನ ಕೆಳಗೆ ಉಗುರು ಎಳೆದರೆ ಮೆಟ್ಟಿಲಿಗೆ ಸಿಕ್ಕಿಕೊಂಡ ಹಾಗೆ ನಿಲ್ಲುತ್ತಿತ್ತು. ರಿಂಗು ಉಜ್ಜಿ ಉಜ್ಜಿ ಆದ ಸವೆತ ಅದು. ಸಾಬ್ರು ನಕ್ಕು, "ನೀವು ಮೊದಲೇ ಹೇಳಬಾರದಿತ್ತಾ, ಚಾ ಕುಡೀರಿ" ಅಂದರು. ಚಾ ಕುಡಿದು ಬರಿಗೈಯಲ್ಲಿ ಬಂದೆ.

ನೀವೂ ಹೊರಟರೆ ಇನ್ನೂ ಮೂರು ವಿಷಯ ನೋಡಿ. ಒಂದು, ಗಾಳಿಗೆ ತಣ್ಣಗಾಗಲೆಂದು ಇರುವ ರೆಕ್ಕೆಗಳು. ತುದಿ ಮುರಿದಿದ್ದರೆ ಪರವಾಗಿಲ್ಲ, ಬುಡದಲ್ಲಿ ಬಿರುಕು ಇದ್ದರೆ ಬೇಡ. ದಪ್ಪ ಬಣ್ಣದಡಿ ವೆಲ್ಡಿಂಗ್ ಅಡಗಿರುತ್ತೆ. ಎರಡು, ಸೈಲೆನ್ಸರ್ ಬೆಂಡ್ ಕೂರುವ ಜಾಗದ ಥ್ರೆಡ್ಡು. ಮೂರು, ಬ್ಲಾಕಿನ ಜೊತೆ "ಫ್ರೀ" ಅಂತ ಕೊಡುವ ಹಳೇ ಪಿಸ್ಟನ್. ಅದು ಪೇಪರ್‌ವೇಟಿಗೆ ಚೆಂದ. ಬ್ಲಾಕು ಹಳೇದಿರಲಿ, ಪಿಸ್ಟನ್ನು ರಿಂಗು ಹೊಸದೇ ಇರಲಿ. ಮೊದಲು ಪಿಸ್ಟನ್ ಕೊಂಡು ಲೇತ್‌ನವರ ಕೈಗೆ ಕೊಟ್ಟು, ಅದನ್ನು ಅಳೆದು ಬೋರ್ ಮಾಡಿಸಿ. ಅಲ್ಯೂಮಿನಿಯಂ ಪಿಸ್ಟನ್ನು ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತೆ. ನಡುವಿನ ಆ ಕೂದಲೆಳೆಯ ಜಾಗ ಕಮ್ಮಿಯಾದರೆ ಇಂಜಿನ್ ಸೀಜ್, ಜಾಸ್ತಿಯಾದರೆ ಮತ್ತದೇ ಗಡಗಡ.

ಕೊನೆಗೆ ದಾರಿ ಸಿಕ್ಕಿದ್ದು ಮೈಸೂರಿನಲ್ಲೇ. ಕಾರ್ಖಾನೆ ಇದ್ದ ಊರಲ್ಲಿ ಆ ಗಾಡಿ ಬಲ್ಲ ಕೈಗಳು ಇನ್ನೂ ಇವೆ. ಪರಿಚಯದವರು ಕಳಿಸಿದ ಹಳೇ ಗ್ಯಾರೇಜಿನ ಮೇಸ್ತ್ರಿಗೆ ಎಪ್ಪತ್ತು ದಾಟಿರಬೇಕು. ಹಿಂದಿನ ಕೋಣೆಯಲ್ಲಿ ಗೋಣಿಚೀಲದ ಮೇಲೆ ಆರು ಬ್ಲಾಕುಗಳು ಸಾಲಾಗಿ ಕೂತಿದ್ದವು, ಬಣ್ಣ ಇಲ್ಲದೆ, ಎಣ್ಣೆ ಸವರಿಕೊಂಡು. ಅವರು ರೇಟು ಹೇಳಲಿಲ್ಲ, ಮೊದಲು ಪ್ರಶ್ನೆ ಕೇಳಿದರು.

"ಗಾಡಿ ಯಾರು ಓಡ್ಸೋದು?"

"ನಾನೇ ಮೇಸ್ತ್ರಿ."

"ದಿನಾ ಓಡ್ಸ್ತೀಯೋ, ಇಲ್ಲಾ ಫೋಟೊಗೆ ನಿಲ್ಲಿಸ್ತೀಯೋ?"

"ಭಾನುವಾರ ಮಂಡ್ಯಕ್ಕೆ, ಅಪ್ಪನ ನೋಡೋಕೆ ಹೋಗ್ತೀನಿ."

ಅವರು ಎರಡನೆಯದನ್ನು ಎತ್ತಿ, ಸಣ್ಣ ಸ್ಪ್ಯಾನರಿನಿಂದ ತಟ್ಟಿದರು. ಗಂಟೆಯ ಹಾಗೆ ಠಣ್ ಅಂತು. ಬಿರುಕಿದ್ದರೆ ಸದ್ದು ಸತ್ತಿರುತ್ತೆ ಅಂದರು. ಒಂದೇ ಸಲ, 0.25ಕ್ಕೆ ಬೋರ್ ಆಗಿದ್ದು. "ಈಗ 0.50 ಮಾಡ್ಸು. ಆಮೇಲೂ ಎರಡು ಬಾಕಿ ಇರ್ತದೆ." ಆರು ಸಾವಿರ ಅಂದರು. ನಾನು ಚೌಕಾಸಿ ಮಾಡಲಿಲ್ಲ.

ನಮ್ಮ ಹಳೇ ಬ್ಲಾಕನ್ನು ಅಲ್ಲೇ ಬಿಟ್ಟುಬರೋಣ ಅಂದುಕೊಂಡಿದ್ದೆ. ಮೇಸ್ತ್ರಿ ಬೈದೇಬಿಟ್ಟರು. "ಬಿಸಾಕ್ಬೇಡ ಕಣವ್ವ. ಒಳಗೆ ಲೈನರ್ ಕೂರಿಸಿದ್ರೆ ಇದೂ ಒಂದಿನ ಎದ್ದು ನಿಲ್ತದೆ." ಇಂಜಿನ್ ನಂಬರ್ ಇರೋದು ಕ್ರ್ಯಾಂಕ್‌ಕೇಸ್ ಮೇಲೆ, ಬ್ಲಾಕಿನ ಮೇಲಲ್ಲ. ಆದ್ದರಿಂದ ಆರ್‌ಸಿಯಲ್ಲಿ ಏನೂ ಬದಲಾಗಲಿಲ್ಲ, ನವೀಕರಣವೂ ಆಯಿತು.

ಹೊಸ ಪಿಸ್ಟನ್ ಪಳಗುವ ತನಕ ನಿಧಾನಕ್ಕೆ ಓಡಿಸಿ, ಒಂದು ಭಾನುವಾರ ಮಂಡ್ಯಕ್ಕೆ ಹೋದೆ. ಅಪ್ಪ ಶಬ್ದ ಕೇಳಿಯೇ ಗೇಟಿಗೆ ಬಂದರು. ಲೆಕ್ಕ ಒಪ್ಪಿಸಿದೆ: ಎರಡು ಬೋರು ಬಾಕಿ. ಅಪ್ಪ ಬೆರಳು ಮಡಚಿ ಎಣಿಸಿ, "ಅಷ್ಟರಲ್ಲಿ ನನ್ನ ಕಾಲ ಮುಗೀತದೆ, ನಿನ್ನದೂ ಅರ್ಧ" ಅಂತ ನಕ್ಕರು.

ನಿಮ್ಮ ಮನೆಯ ಅಟ್ಟದಲ್ಲೋ ಮಾವನ ಶೆಡ್ಡಿನಲ್ಲೋ ಇಂಥದೊಂದು ಬ್ಲಾಕು ಬಿದ್ದಿದ್ದರೆ ಕೆ.ಜಿ. ಲೆಕ್ಕಕ್ಕೆ ಕೊಡಬೇಡಿ. ತಕ್ಕಡಿಗೆ ಹಾಕುವ ಮುಂಚೆ ಅದರ ಬಾಯಿ ಅಳೆಯಿರಿ. ಯಾವುದೋ ಊರಲ್ಲಿ ಯಾರೋ ಅದನ್ನೇ ಹುಡುಕುತ್ತಾ ಇರಬಹುದು.