ತೂತು ಕಾಸಿನ ಲೆಕ್ಕ: ಶಾಂತಿಗ್ರಾಮದ ಟಿಪ್ಪಣಿಗಳು

ಬಗೆಹರಿಯದ ಸಂಗತಿ ಇದು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮೇಲೆ ಬಾಂಬು ಬಿತ್ತು. 1940ರ ಜನವರಿಯಲ್ಲೇ ಬೆಣ್ಣೆ, ಸಕ್ಕರೆಗೆ ಪಡಿತರ ಬಂತು. ಜುಲೈನಲ್ಲಿ ಚಹಾಪುಡಿ ತಲೆಗೆ ವಾರಕ್ಕೆ ಎರಡು ಔನ್ಸ್ ಆಯಿತು. ಮರುವರ್ಷ ಬಟ್ಟೆಗೂ ಕೂಪನ್. ಆದರೂ ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಹಸುಗೂಸುಗಳ ಸಾವು ಮೊದಲಿಗಿಂತ ಕಡಿಮೆಯಾಗಿತ್ತು. ಒಂದು ಬಾಂಬೂ ಬೀಳದ, ಹಾಸನದ ಹತ್ತಿರದ ನಮ್ಮ ಶಾಂತಿಗ್ರಾಮದ ಕಡೆಯ ಹಿರಿಯರು ಮಾತ್ರ, ಸರಕಿನ ಮೇಲೆ ಸರ್ಕಾರದ ಹಿಡಿತವಿದ್ದ ಆ ಯುದ್ಧದ ‘ಕಂಟ್ರೋಲ್ ಕಾಲ’ ಎಂದರೆ ಮುಖ ಸಿಂಡರಿಸುತ್ತಿದ್ದರು.

*

ಎರಡು ಯುದ್ಧಗಳ ನಡುವಿನ ಕಾಲ ಇನ್ನೂ ಗೋಜಲು. 1930ರ ಸುಮಾರಿಗೆ ಜಗತ್ತಿನಾದ್ಯಂತ ಧಾನ್ಯದ ಬೆಲೆ ಕುಸಿಯಿತು. ಇಂಗ್ಲೆಂಡಿನಲ್ಲಿ ಕೆಲಸ ಕಳೆದುಕೊಂಡವರು ಸುಮಾರು ಮೂವತ್ತು ಲಕ್ಷ. 1936ರಲ್ಲಿ ಜಾರೋ ಎಂಬ ಊರಿನ ಗಂಡಸರು ಕೆಲಸ ಕೇಳಲು ಲಂಡನ್ನಿನವರೆಗೆ ನಡೆದೇ ಹೋದರು. ಆದರೆ ಕೆಲಸ ಉಳಿಸಿಕೊಂಡವನಿಗೆ ಊಟ ಅಗ್ಗವಾಯಿತು, ಮಿಕ್ಕ ದುಡ್ಡಿಗೆ ರೇಡಿಯೊ ಬಂತು. 1939ರ ಹೊತ್ತಿಗೆ ಅಲ್ಲಿ ಸುಮಾರು ತೊಂಬತ್ತು ಲಕ್ಷ ರೇಡಿಯೊ ಲೈಸೆನ್ಸ್. (ನಮ್ಮ ಸಂಸ್ಥಾನದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ್ದು 1935ರಲ್ಲಿ.)

ಇಂಗ್ಲೆಂಡಿನ ಆ ಕೆಲಸಗಾರನಿಗೆ ವರವಾದ ಅಗ್ಗ ನಮ್ಮ ರೈತನಿಗೆ ಉರುಳಾಯಿತು. ಕಂದಾಯ ರೂಪಾಯಿಯಲ್ಲಿ, ಸಾಹುಕಾರನ ಸಾಲವೂ ರೂಪಾಯಿಯಲ್ಲಿ. ರಾಗಿಯ ಬೆಲೆ ಇಳಿದಷ್ಟೂ ಅದೇ ಕಂದಾಯಕ್ಕೆ ಹೆಚ್ಚು ಪಲ್ಲ ಅಳೆಯಬೇಕು. ದಿವಾನ್ ಮಿರ್ಜಾ ಇಸ್ಮಾಯಿಲ್ ಕೈಕಟ್ಟಿ ಕೂತಿರಲಿಲ್ಲ, ನಿಜ. ಕನ್ನಂಬಾಡಿಯ ನೀರು ಮಂಡ್ಯದಲ್ಲಿ ಕಬ್ಬಾಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಆಯಿತು. ನಮ್ಮ ಹೋಬಳಿಗೆ ಮಳೆಯೇ ಗತಿ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಎದ್ದದ್ದು 1979ಕ್ಕೆ.

*

ರೌನ್‌ಟ್ರೀ ಎಂಬಾತ ಯಾರ್ಕ್ ಪಟ್ಟಣದ ಕೂಲಿಕಾರರ ಮನೆಮನೆಯ ಲೆಕ್ಕ ತೆಗೆಸಿ 1899ರಲ್ಲೊಮ್ಮೆ, 1936ರಲ್ಲೊಮ್ಮೆ ಬಡತನವನ್ನು ಅಳೆದ. ನಮ್ಮ ಸೀಮೆಯ ಲೆಕ್ಕಕ್ಕೆ ನಾನು ಕಾದಂಬರಿ ಹುಡುಕಿಕೊಂಡು ಹೋಗಬೇಕು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಭೈರಪ್ಪನವರು ‘ಗೃಹಭಂಗ’ದಲ್ಲಿ ಆ ಲೆಕ್ಕ ಇಟ್ಟಿದ್ದಾರೆ. ಗಂಡನ ಶಾನುಭೋಗಿಕೆಯ ಪುಸ್ತಕಗಳನ್ನು ತಾನೇ ಬರೆದು ಸಂಸಾರ ನಡೆಸುವ ನಂಜಮ್ಮ, ಮನೆ ಹೊಕ್ಕು ಮಕ್ಕಳನ್ನೊಯ್ಯುವ ಪ್ಲೇಗು. ಲೇಖಕರ ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಂಡೊಯ್ದದ್ದು ಪ್ಲೇಗೇ.

*

1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಕ್ಕಿಯ ಹಡಗು ನಿಂತಿತು. ನಮ್ಮವರು ಉಣ್ಣುತ್ತಿದ್ದದ್ದು ರಾಗಿಮುದ್ದೆ, ಹುರುಳಿ ಸಾರು, ಅನ್ನ ಹಬ್ಬಕ್ಕೆ. ಬರ್ಮಾದ ಅಕ್ಕಿ ಬಾರದಿದ್ದರೆ ಇವರಿಗೇನು? ಪಟ್ಟಣದವರ ಹೊಟ್ಟೆ ತುಂಬಿಸಲು ಹಳ್ಳಿಯ ಕಣಜದ ಮೇಲೆ ಕಣ್ಣು ಬಿತ್ತು, ಬೆಳೆಯ ಪಾಲನ್ನು ಸರ್ಕಾರಕ್ಕೆ ಅಳೆಯಲೇಬೇಕೆಂಬ ಲೆವಿ ಬಂತು. ಧಾನ್ಯಕ್ಕೆ ಬೆಲೆ ಏರಿದ್ದು ಹೌದು. ಏರಿದ ಬೆಲೆಗೆ ಮಾರಿದವನಿಗೂ ಕೊಳ್ಳಲು ಸೀಮೆಎಣ್ಣೆಯಿಲ್ಲ, ಬಟ್ಟೆಯಿಲ್ಲ, ನೇಗಿಲಿಗೆ ಕಬ್ಬಿಣವಿಲ್ಲ. ನನ್ನ ಊಹೆ: ಕಾಸಿನ ಕೂಲಿಗಿಂತ ಕಣದಲ್ಲಿ ಸೇರು ಲೆಕ್ಕದ ಕೂಲಿ ಪಡೆದವನೇ ಆಗ ವಾಸಿ.

*

ಕಾಸಿಗೂ ಕಾಸಿನಷ್ಟು ಲೋಹ ಇರಲಿಲ್ಲ. 1943ರಿಂದ ಬಂದ ತಾಮ್ರಬಣ್ಣದ ತೂತು ಕಾಸು, ಲೋಹ ಉಳಿಸಲೆಂದೇ ನಡುವೆ ಕೊರೆದದ್ದು. ಹುಡುಗರ ಉಡಿದಾರಕ್ಕೆ ಪೋಣಿಸಲು ಹೇಳಿಮಾಡಿಸಿದಂತಿತ್ತು. ನೋಟಿಗೆ ಮಾತ್ರ ಬರವಿಲ್ಲ. ಬ್ರಿಟನ್ ಇಲ್ಲಿಂದ ಯುದ್ಧಕ್ಕೆ ಬೇಕಾದ ಸರಕೆತ್ತಿ ಅದರ ಬೆಲೆಯನ್ನು ಲಂಡನ್ನಿನಲ್ಲಿ ಪೌಂಡಿನ ಬಾಕಿಯಾಗಿ ಬರೆದಿಟ್ಟಿತು. ಆ ಬಾಕಿಯ ಬಲದ ಮೇಲೆ ಇಲ್ಲಿ ನೋಟು ಅಚ್ಚಾಯಿತು. ಯುದ್ಧ ಮುಗಿಯುವಾಗ ಚಲಾವಣೆಯಲ್ಲಿದ್ದ ನೋಟು ಸುಮಾರು ಆರು ಪಟ್ಟು, ಬೆಲೆಗಳು ಎರಡು ಪಟ್ಟಿಗೂ ಮೇಲೆ. ಬಾಕಿ ನೂರು ಕೋಟಿ ಪೌಂಡು ದಾಟಿತ್ತು. ಅಲ್ಲಿನವರ ಜೀವನಮಟ್ಟದ ಪುಸ್ತಕಗಳಲ್ಲಿ ಈ ಸಾಲಗಾರನ ಪುಟ ನನಗೆ ಸಿಕ್ಕಿದ್ದು ಕಡಿಮೆ.

*

ಕಾಫಿಯದು ಬೇರೆ ಕಥೆ. ಸಕಲೇಶಪುರ, ಬೇಲೂರಿನ ಕಾಫಿ ಹೋಗುತ್ತಿದ್ದದ್ದು ಹೆಚ್ಚಾಗಿ ಯೂರೋಪಿಗೆ. ಯುದ್ಧ ಆ ಬಾಗಿಲು ಮುಚ್ಚಿದ್ದೇ 1940ರಲ್ಲಿ ಕಾಫಿ ಮಂಡಳಿ ಬಂತು, ಬೆಳೆಗಾರರ ಬೀಜವನ್ನೆಲ್ಲ ಒಟ್ಟಾಗಿ ಮಾರಿಸಿತು, ನಮ್ಮವರಿಗೇ ಕುಡಿಸಲು ಕಾಫಿ ಹೌಸ್‌ಗಳನ್ನು ನಡೆಸಿತು. ಅತ್ತ ಇಂಗ್ಲೆಂಡಿನಲ್ಲಿ ಕಾಫಿಗೆ ಪಡಿತರವೇ ಇರಲಿಲ್ಲ. ಅವರಿಗೆ ಚಹಾ ಸಿಕ್ಕರೆ ಸಾಕಿತ್ತು! ಎಲ್ಲ ಕೊರತೆಯ ಆ ವರ್ಷಗಳಲ್ಲೇ ಹೊಸ ರುಚಿಯೊಂದು ನಮ್ಮ ನಡುವೆ ಬೇರುಬಿಟ್ಟಿದ್ದನ್ನು ಜೀವನಮಟ್ಟದ ಏರಿಕೆ ಎನ್ನಬೇಕೋ ಇಳಿಕೆ ಎನ್ನಬೇಕೋ, ಗೊತ್ತಾಗುತ್ತಿಲ್ಲ.

*

ಮೊದಲಿನ ಒಗಟಿಗೆ ನನಗೆ ತೋಚುವ ಉತ್ತರ: ಅಲ್ಲಿ ಪಡಿತರವೆಂದರೆ ಇದ್ದದ್ದನ್ನು ಹಂಚುವುದು, ಇಲ್ಲಿ ಕಂಟ್ರೋಲ್ ಎಂದರೆ ಬಹುಮಟ್ಟಿಗೆ ಇದ್ದದ್ದನ್ನು ಎತ್ತುವುದು. 1940ರ ಬೇಸಿಗೆಯಲ್ಲೇ ಬ್ರಿಟನ್ನಿನ ಸರ್ಕಾರ ಬಸುರಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ದಿನಕ್ಕೊಂದು ಪೈಂಟ್ ಹಾಲನ್ನು ಅಗ್ಗಕ್ಕೆ, ತೀರಾ ಬಡವರಿಗೆ ಪುಕ್ಕಟೆಯಾಗಿ ಕೊಟ್ಟಿತು. ಕರ್ನಾಟಕದ ಶಾಲೆಮಕ್ಕಳಿಗೆ ಲೋಟದಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟ್‌ನಲ್ಲಿ.